ಹೊಳೆಯೊಳಗಿನ ಬೇಸಿಗೆ ಮನೆ

ನಾನು ಸಮುದ್ರ ಕಂಡದ್ದು ಬಹಳ ತಡವಾಗಿ. ಶಿಕ್ಷಕಿಯಾಗಿ ಸೇರಿ, ನನ್ನ ದುಡಿಮೆ ನನ್ನ ಕೈಗೆ ಬರತೊಡಗಿದ ಮೇಲೆ, ಒಂದು ಬೇಸಿಗೆ ರಜೆಯಲ್ಲಿ ಜೊತೆಯ ಶಿಕ್ಷಕಿಯರೊಂದಿಗೆ ಕಾರವಾರಕ್ಕೆ ಹೋಗಿದ್ದೆ. ಅವರೆಲ್ಲ ತೆರೆಗಳ ಮುಂದೆ ಬೆರಗಾಗಿ ನಿಂತರು. ನನ್ನ ಕಣ್ಣು ಮೊದಲು ಹೋದದ್ದು ಕಾಲಡಿಯ ಉಸುಕಿಗೆ. ಬಗ್ಗಿ ಒಂದು ಹಿಡಿ ತೆಗೆದು ಹಿಚುಕಿದೆ, ಮೂಸಿದೆ, ನಾಲಿಗೆಗೂ ಹಚ್ಚಿ ನೋಡಿದೆ. ಬರೀ ಉಪ್ಪು. ಇದರಲ್ಲಿ ಒಂದು ಸೌತೆ ಬಳ್ಳಿಯೂ ಹಬ್ಬುವುದಿಲ್ಲ ಎಂದುಕೊಂಡು ಕೆಳಗೆ ಚೆಲ್ಲಿದೆ. ಅಲ್ಲೇ ಊರಿನ ಮಕ್ಕಳು ಉಸುಕಿನಲ್ಲಿ ಮನೆ ಕಟ್ಟಿ, ಬಾಗಿಲು ಕೊರೆದು, ಅಂಗಳಕ್ಕೆ ಚಿಪ್ಪು ಜೋಡಿಸುತ್ತಿದ್ದರು. ಗೆಳತಿಯೊಬ್ಬಳು ಕೇಳಿದಳು:

"ನೀನೂ ಸಣ್ಣಾಕಿದ್ದಾಗ ಹಿಂಗ ಉಸುಕಿನ ಮನಿ ಕಟ್ಟಿ ಆಡೀದೇನ ಮೈಮುನಾ?"

"ಆಡಿಲ್ಲವಾ. ಅದರಾಗ ಇರ್ತಿದ್ದೆ."

ಅವರು ನಕ್ಕರು. ನಾನು ಇದ್ದದ್ದನ್ನೇ ಹೇಳಿದ್ದೆ.

ನಮ್ಮದು ದೇವಣಗಾಂವದ ಬಾಗವಾನರ ಮನೆ. ಹಣ್ಣು ಬೆಳೆಯುವುದು, ಮಾರುವುದು ಮೊದಲಿನಿಂದ ಬಂದ ಕಸುಬು. ಊರೊಳಗೆ ನಮಗೊಂದು ಮಣ್ಣಿನ ಮಾಳಿಗೆ ಇತ್ತು, ಮಳೆಗಾಲ ಅಲ್ಲಿ ಕಳೆಯುತ್ತಿದ್ದೆವು. ಆದರೆ ಮನೆ ಅಂದಾಗ ನನಗೆ ಅದು ನೆನಪಾಗುವುದಿಲ್ಲ. ಮಳೆ ಮುಗಿದು, ಭೀಮೆ ಮೈ ಇಳಿಸಿಕೊಂಡು ಆಚೆ ದಂಡೆಗೆ ಸರಿದ ಮೇಲೆ, ಈಚೆಗೆ ಬಿಟ್ಟುಹೋದ ಉಸುಕಿನ ಬಯಲಿನಲ್ಲಿ ಅಬ್ಬಾ ಕಟ್ಟುತ್ತಿದ್ದ ಜೋಪಡಿ ನೆನಪಾಗುತ್ತದೆ. ಗೋಡೆಗೆ ತೊಗರಿ ಕಟ್ಟಿಗೆಯ ತಟ್ಟಿ, ಮೇಲೆ ಕಬ್ಬಿನ ಒಣಗಿದ ಸೋಗೆ. ಒಳಗೆ ತಟ್ಟಿ ಅಡ್ಡ ನಿಲ್ಲಿಸಿ ಅವ್ವ ಕೋಣೆ ಮಾಡುತ್ತಿದ್ದಳು: ಊರ ಮನೆಯಲ್ಲಿ ಅಡುಗೆ ಕೋಣೆ ಯಾವ ದಿಕ್ಕಿಗಿತ್ತೋ ಇಲ್ಲಿಯೂ ಅದೇ ದಿಕ್ಕಿಗೆ, ದಾದಿಮಾ ನಮಾಜು ಮಾಡುವ ಮೂಲೆ ಅದೇ ಮೂಲೆಗೆ. ಕತ್ತಲಾದರೂ ಕೈ ಚಾಚಿದರೆ ನೀರಿನ ಕೊಡ ಸಿಗಬೇಕು ಎನ್ನುವುದು ಅವಳ ಲೆಕ್ಕ. ನೆಲ ಸಾರಿಸುವ ಕೆಲಸವಿಲ್ಲ, ಕಸ ಗುಡಿಸುವ ಕೆಲಸವಿಲ್ಲ. ಚೆಲ್ಲಿದ್ದನ್ನು ಉಸುಕು ನುಂಗಿಬಿಡುತ್ತಿತ್ತು. ನನ್ನ ಒಂದು ಬೆಳ್ಳಿಯ ಕಿವಿಯೋಲೆಯನ್ನೂ ಅದು ಹಾಗೆಯೇ ನುಂಗಿತು. ಮುಂಗಾರಿನ ಮೊದಲಿಗೆ ಬರುವ ಮಿರಗದ ಮಳೆಯ ಮೋಡ ಕಂಡ ಕೂಡಲೇ ಅಷ್ಟನ್ನೂ ಬಿಚ್ಚಿ, ಹೊರೆ ಕಟ್ಟಿ, ದಂಡೆ ಏರಿಬಿಡಬೇಕು. ತಡಮಾಡಿದರೆ ಹೊಳೆ ತಾನೇ ಬಿಚ್ಚುತ್ತದೆ.

ಉಸುಕಿನ ಕೆಲಸ ಸುಲಭದ್ದೆಂದು ದೂರದಿಂದ ನೋಡುವವರಿಗೆ ಅನ್ನಿಸುತ್ತದೆ. ಮೊಣಕಾಲಾಳದ ಹರಿ, ಅಂದರೆ ಉದ್ದನೆಯ ಕಾಲುವೆ, ತೋಡಿ, ಕೆಳಗಿನ ಹಸಿ ಸಿಕ್ಕಮೇಲೆ ಗೊಬ್ಬರ ಹಾಕಿ, ಕಲ್ಲಂಗಡಿ, ಖರಬೂಜ, ಸೌತೆಯ ಬೀಜ ಊರಬೇಕು. ಬಿಸಿಲು ಬಲಿತಂತೆ ವರ್ತಿ ತೋಡಬೇಕು. ಉಸುಕಿನಲ್ಲಿ ಕುಣಿ ತೋಡಿದರೆ ನೀರು ಒಸರುತ್ತದಲ್ಲ, ಅದಕ್ಕೆ ನಾವು ವರ್ತಿ ಅನ್ನುವುದು. ಅಲ್ಲಿಂದ ಬಳ್ಳಿ ಬಳ್ಳಿಗೆ ಕೊಡದಲ್ಲಿ ನೀರು ಹೊತ್ತು ಹಾಕಬೇಕು. ಮುಂಜಾನೆ ಶಾಲೆಗೆ ಹೋಗುವ ಮುನ್ನ ನನ್ನ ಪಾಲಿನ ಹರಿಗಳಿಗೆ ನೀರು ಹಾಕಿಯೇ ಹೋಗಬೇಕಾಗಿತ್ತು. ಪಾಟಿಚೀಲಕ್ಕಿಂತ ಮೊದಲು ನನ್ನ ಹೆಗಲು ಕಂಡದ್ದು ಕೊಡವನ್ನು. ಹೊತ್ತೇರಿದ ಮೇಲೆ ಉಸುಕು ಕಾದ ಹಂಚು. ಆಗ ಎಲ್ಲರೂ ಜೋಪಡಿಯಲ್ಲಿ ಸೇರಿ ಜೋಳದ ರೊಟ್ಟಿ, ಪುಂಡಿ ಪಲ್ಯ, ಉಪ್ಪುಖಾರ ಸವರಿದ ಸೌತೆ ತಿನ್ನುತ್ತಿದ್ದೆವು. ಹಿಂದಿನ ಸಂಜೆ ವರ್ತಿಯ ಪಕ್ಕದ ಹಸಿ ಉಸುಕಿನಲ್ಲಿ ಹೂತಿಟ್ಟ ಕಲ್ಲಂಗಡಿಯನ್ನು ಅಬ್ಬಾ ತೆಗೆದು ತರುತ್ತಿದ್ದ. ಅದರ ತಂಪಿಗೆ ಹಲ್ಲು ಝುಮ್ಮೆನ್ನುತ್ತಿತ್ತು. ನಾನು ಆಮೇಲೆ ಎಷ್ಟೋ ಮನೆಗಳಲ್ಲಿ ತಂಪುಪೆಟ್ಟಿಗೆಯ ಹಣ್ಣು ತಿಂದಿದ್ದೇನೆ. ಅದು ಬರಿಯ ಚಳಿ, ತಂಪಲ್ಲ.

ನಮ್ಮ ಉಸುಕಿನಲ್ಲಿ ಒಂದು ರಿವಾಜು ಇತ್ತು. ಉಸುಕಿನ ಮೇಲೆ ಕೂತು ತಿಂದ ಹಣ್ಣಿಗೆ ಯಾರೂ ಏನೂ ಕೊಡುವಂತಿಲ್ಲ, ನಾವು ಕೇಳುವಂತಿಲ್ಲ. ದಂಡೆ ಏರಿ ಹೋದ ಹಣ್ಣಿಗೆ ಮಾತ್ರ ಪೇಟೆಯ ಧಾರಣೆ. ತಿಂದವರು ಮಾಡಬೇಕಾದದ್ದು ಒಂದೇ, ಬೀಜವನ್ನು ಬುಟ್ಟಿಯಲ್ಲಿ ಉಗುಳಿ ಹೋಗಬೇಕು. ಭೂಮಿ ನಮ್ಮದಲ್ಲ, ಪ್ರತಿ ವರ್ಷ ಹೊಳೆ ಎಲ್ಲಿ ಉಸುಕು ಬಿಟ್ಟಿತೋ ಅಲ್ಲಿ ನಾವು ಬಿತ್ತುವವರು, ಹಾಗಾಗಿ ಉಸುಕಿನ ಮೇಲಿರುವವರೆಲ್ಲ ಹೊಳೆಯ ಮನೆಯ ಬೀಗರು ಎಂದು ದಾದಿಮಾ ಹೇಳುತ್ತಿದ್ದಳು. ದಾದಿಮಾ ಅಬ್ಬಾನ ತಾಯಿ. ಮನೆಯ ಕಾಯಿದೆಯೆಲ್ಲ ಅವಳ ಬಾಯಲ್ಲೇ ಇತ್ತು. ಈ ರಿವಾಜಿನಿಂದಾಗಿ ಬೇಸಿಗೆ ಬಂತೆಂದರೆ ನಮ್ಮ ಉಸುಕು ತುಂಬುತ್ತಿತ್ತು. ಸಿಂದಗಿಯಿಂದ, ಇಂಡಿಯ ಕಡೆಯಿಂದ ಜನ ಗಾಡಿ ಕಟ್ಟಿಕೊಂಡು, ಹಾಸಿಗೆ ಸುತ್ತಿಕೊಂಡು ಬರುತ್ತಿದ್ದರು. ಗಂಡಸರು ಮಡುವಿನಲ್ಲಿ ಈಜು ಹೊಡೆಯುತ್ತಿದ್ದರು. ಮಕ್ಕಳು ಮೊಸಳೆಯ ಆಟ ಆಡುತ್ತ, ನಿಜವಾದ ಮೊಸಳೆ ಬಂತೆಂದು ಒಬ್ಬರನ್ನೊಬ್ಬರು ಅಂಜಿಸುತ್ತಿದ್ದರು. ಕರೀ ಎರೆಭೂಮಿಯ ಜನಕ್ಕೆ ಅಷ್ಟು ಬಿಳಿಯ ನೆಲವೇ ಒಂದು ತಮಾಷೆ. ಬರಿಗಾಲಲ್ಲಿ ಓಡುತ್ತಿದ್ದರು, ಸುಟ್ಟುಕೊಂಡು ಕುಣಿಯುತ್ತಿದ್ದರು.

ನೀಲಮ್ಮನವರು ಬಂದದ್ದೂ ಹಾಗೆಯೇ. ಸಿಂದಗಿಯಲ್ಲಿ ಕಾಳುಕಡಿ ಮಾರಿಸಿಕೊಡುವ ಅಡತಿ ಅಂಗಡಿಯ ಸಾವುಕಾರರ ಹೆಂಡತಿ, ಲಿಂಗಾಯತರು, ತವರು ಮಸೂತಿ ಎಂಬ ಊರು. ಬಾವಿಯ ನೀರು ಬಿಟ್ಟರೆ ಹರಿಯುವ ನೀರು ಕಾಣದೆ ಬೆಳೆದವರು. ಜೊತೆಗೆ ನನ್ನ ಓರಗೆಯ ಮಗಳು ಸುವರ್ಣಾ. ಮೊದಲ ವರ್ಷವೇ ಅವರು ಒಂದು ತಪ್ಪು ಮಾಡಿದರು. ಹಣ್ಣಿನಂತೆ ಬೀಜವೂ ಪುಕ್ಕಟೆಯೆಂದು ತಿಳಿದು ಸೆರಗಿನಲ್ಲಿ ಗಂಟು ಹಾಕಿಕೊಂಡು ಗಾಡಿ ಹತ್ತಿಬಿಟ್ಟಿದ್ದರು. ದಾದಿಮಾ ಓಡಿಹೋಗಿ ನೊಗ ಹಿಡಿದು ನಿಂತಳು.

"ಸೆರಗಿನ್ಯಾಗ ಏನೈತಿ ಯವ್ವಾ?"

"ಬೀಜ್ರಿ. ಹಿತ್ತಲದಾಗ ಹಾಕಬೇಕಂತ ಇಟ್ಕೊಂಡೇನಿ."

"ಹಿತ್ತಲದಾಗ ಹಾಕಿದ್ರ ಬಳ್ಳಿ ಬರ್ತೈತಿ, ಎಲಿ ಬರ್ತೈತಿ, ಕಾಯಿ ಬರಂಗಿಲ್ಲ. ಹಣ್ಣು ಎಷ್ಟರೆ ತಿನ್ನು, ಹೊಟ್ಟಿ ನಿಂದು. ಬೀಜ ಹೊಳೀದು. ಬಿಚ್ಚು."

ಸಾವುಕಾರರ ಮನೆಯ ಹೆಣ್ಣುಮಗಳಿಗೆ ಅಷ್ಟು ಜನರ ಮುಂದೆ ಹಾಗೆ ಯಾರೂ ಹೇಳಿರಲಿಕ್ಕಿಲ್ಲ. ಅವ್ವ ಗಾಬರಿಯಿಂದ ತುಟಿ ಕಚ್ಚಿಕೊಂಡಳು. ನೀಲಮ್ಮನವರು ಗಂಟು ಬಿಚ್ಚಿದರು.

"ತಗೋ ಮುದುಕಿ. ಸುಂಕದ ನಾಕಾದಾಗೂ ಹಿಂಗ ಝಡತಿ ಮಾಡಂಗಿಲ್ಲ."

"ನಾಕಾದವರು ಪಗಾರ ತಗೊಂಡು ಮಾಡ್ತಾರ. ನಾ ಪುಕ್ಕಟೆ ಮಾಡ್ತೇನಿ."

ಆ ದಿನದಿಂದ ಅವರಿಬ್ಬರಿಗೂ ಗೆಳೆತನ. ವರ್ಷವರ್ಷ ಬರುತ್ತಿದ್ದರು, ವಾರಗಟ್ಟಲೆ ಇರುತ್ತಿದ್ದರು. ಅವರಿಗಾಗಿ ಅಬ್ಬಾ ಬೇರೆ ಜೋಪಡಿ ಹಾಕಿಕೊಡುತ್ತಿದ್ದ. ಅವರ ಒಲೆ ಬೇರೆ, ನಮ್ಮ ಒಲೆ ಬೇರೆ. ಅವರು ಇರುವಷ್ಟು ದಿನ ನಮ್ಮ ಮನೆಯಲ್ಲಿ ಮೀನು ಬೇಯುತ್ತಿರಲಿಲ್ಲ. ಯಾರೂ ಹಾಗೆಂದು ಹೇಳಿರಲಿಲ್ಲ, ಅವ್ವ ತಾನೇ ನಿಲ್ಲಿಸಿದ್ದಳು. ಹಣ್ಣನ್ನು ಮಾತ್ರ ಎಲ್ಲರೂ ಒಂದೇ ಬುಟ್ಟಿಯ ಸುತ್ತ ಕೂತು ತಿನ್ನುತ್ತಿದ್ದೆವು. ಸುವರ್ಣಾಳಿಗೆ ಈಜು ಕಲಿಸಿದವಳು ದಾದಿಮಾ. ಸೀರೆಯನ್ನು ಕಚ್ಚೆ ಬಿಗಿದು, ಒಣಗಿದ ಸೋರೆಬುರುಡೆಗಳನ್ನು ಸುವರ್ಣಾಳ ನಡುವಿಗೆ ಕಟ್ಟಿ, ಹೆಂಗಸರು ಇಳಿಯುವ ಕಡೆ ನೀರಿಗೆ ನೂಕಿಬಿಡುತ್ತಿದ್ದಳು. ಬುರುಡೆ ತೇಲಿಸುತ್ತದೆ, ಕೈಕಾಲು ಹೊಡೆಯುವುದಷ್ಟೇ ಕೆಲಸ. ದಿನ ಕಳೆದಂತೆ ದೊಡ್ಡ ಬುರುಡೆ ತೆಗೆದು ಸಣ್ಣದು ಕಟ್ಟುತ್ತಿದ್ದಳು. ಕೊನೆಗೊಂದು ದಿನ ಹೇಳದೆ ಕೇಳದೆ ಅದನ್ನೂ ಬಿಚ್ಚಿದಳು. ಆಚೆ ದಂಡೆ ಮುಟ್ಟಿದ ಮೇಲೆ ಸುವರ್ಣಾ ನಡು ಮುಟ್ಟಿ ನೋಡಿಕೊಂಡು ಅತ್ತಳು. ಅಳುತ್ತಲೇ ತಿರುಗಿ ಈಜಿಕೊಂಡು ಬಂದಳು. ನಾವಿಬ್ಬರೂ ಸೌತೆ ಕಚ್ಚುತ್ತ, ಅವಳು ಸಿಂದಗಿಯ ಶಾಲೆಯ ಪಾಠ, ನಾನು ದೇವಣಗಾಂವದ ಶಾಲೆಯ ಪಾಠ ಒಬ್ಬರಿಗೊಬ್ಬರು ಒಪ್ಪಿಸುತ್ತಿದ್ದೆವು. ನನ್ನ ಗಣಿತ ಚೆನ್ನಾಗಿತ್ತು. ಇದನ್ನು ಹೇಳಲು ನನಗೆ ಸಂಕೋಚವಿಲ್ಲ.

ನೀಲಮ್ಮನವರಿಗೆ ನೀರಿನ ಅಂಜಿಕೆ. ಅವರು ಬರುತ್ತಿದ್ದದ್ದು ಉಸುಕಿಗಾಗಿ. ಮೊಣಕಾಲು ನೋವಿಗೆ ಯಾವ ಎಣ್ಣೆಯೂ ನಾಟಿರಲಿಲ್ಲವಂತೆ. ದಾದಿಮಾ ಹೊತ್ತು ಇಳಿಯುವುದನ್ನು ಕಾಯುತ್ತಿದ್ದಳು. ಅಂಗೈ ಹಿಂಭಾಗದಿಂದ ಉಸುಕು ಮುಟ್ಟಿ, ಬಿಸಿ ಹದಕ್ಕೆ ಬಂತೆಂದರೆ ಕುಣಿ ತೋಡಿ, ಕಾಲು ಚಾಚಿ ಕೂಡಿಸಿ, ನಡುವಿನವರೆಗೆ ಹೂತು, ತಲೆಯ ಮೇಲೆ ಒದ್ದೆ ಅರಿವೆ ಹಾಕುತ್ತಿದ್ದಳು.

"ಸುಡಾಕತ್ತೈತಿ ಬೇ."

"ಸುಡಬೇಕ. ನಿನ್ನ ಮೊಣಕಾಲೇನ ಬೆಣ್ಣಿ ಐತೇನ, ಕರಗಾಕ?"

ಹಾಗೆ ಹೂತು ಕೂತವರ ಪಕ್ಕ ನಾನು ಸೌತೆ ಹೆಚ್ಚಿ ಕೊಡುತ್ತಿದ್ದೆ. ಅವರು ಅಲ್ಲಿಂದಲೇ ಇಡೀ ಹೊಳೆಯ ಕಾರಭಾರ ಮಾಡುತ್ತಿದ್ದರು. ಒಂದು ನಿಯಮವಿತ್ತು. ಉಸುಕು ತಣ್ಣಗಾಗುವ ಮೊದಲೇ ಎದ್ದುಬಿಡಬೇಕು, ಇಲ್ಲದಿದ್ದರೆ ಬಿಟ್ಟ ನೋವು ಇಮ್ಮಡಿಯಾಗಿ ತಿರುಗಿ ಬರುತ್ತದೆ. ಇದನ್ನು ದಾದಿಮಾ ದಿನಾಲೂ ಹೇಳುತ್ತಿದ್ದಳು.

ನಾನು ಮುಲ್ಕಿ ಪರೀಕ್ಷೆ ಪಾಸಾದ ವರ್ಷದ ಬೇಸಿಗೆ ಅದು. ಏಳನೆಯ ಇಯತ್ತೆ ಮುಗಿದಿತ್ತು, ಮುಂದೆ ಹೈಸ್ಕೂಲಿಗೆ ಸಿಂದಗಿಗೇ ಹೋಗಬೇಕು. ಉಳಿಯಲು ಅಲ್ಲಿ ನಮಗೆ ನೆಂಟರಿರಲಿಲ್ಲ. ಅಬ್ಬಾ ಓದಿನ ವಿರೋಧಿಯಲ್ಲ. ಪಾಸಾದ ಸುದ್ದಿ ತಿಳಿದ ದಿನ ಎಲ್ಲಕ್ಕಿಂತ ದೊಡ್ಡ ಕಲ್ಲಂಗಡಿಯನ್ನು ಮಾಸ್ತರರ ಮನೆಗೆ ತಾನೇ ಹೊತ್ತು ಮುಟ್ಟಿಸಿ ಬಂದವನು. ಆದರೆ ಮುಂದಿನ ಮಾತು ತೆಗೆಯಲಿಲ್ಲ. ನಾನೂ ಕೇಳಲಿಲ್ಲ. ಕೊಡ ಹೊತ್ತು ತಿರುಗುವಾಗ ಇನ್ನು ಇಷ್ಟೇ ಏನೋ ಎಂದುಕೊಳ್ಳುತ್ತಿದ್ದೆ. ಒಂದು ಇಳಿಹೊತ್ತು ನೀಲಮ್ಮನವರು ಉಸುಕಿನಲ್ಲಿ ಕೂತಲ್ಲಿಂದಲೇ ಕೂಗಿದರು:

"ಇಮಾಮಸಾಬಾ, ಇಲ್ಲಿ ಬಾ. ನಾ ಎದ್ದ ಬರೂ ಹಂಗಿಲ್ಲ, ನೀನ ಬಾ."

ಅಬ್ಬಾ ಕೊಡ ಇಳಿಸಿ ಬಂದು ನಿಂತ.

"ಹೇಳ್ರಿ ಅವ್ವಾರ."

"ಮಿರಗ ಕೂಡಿದ ಮ್ಯಾಲೆ ಹೈಸ್ಕೂಲ ಸುರು ಆಕ್ಕಾವು. ಮೈಮುನಾನ್ನ ನಮ್ಮ ಮನಿಗೆ ಕಳಸು. ಸುವರ್ಣಾನ ಕೂಡ ಹೋಗಿ ಬರ್ತಾಳ. ಹೈಸ್ಕೂಲ ಊರ ಹೊರಗೈತಿ, ಒಬ್ಬಾಕಿನ್ನ ಅಷ್ಟು ದೂರ ಕಳಸಾಂಗಿಲ್ಲ ಅಂತ ನಮ್ಮವರು ಕುಂತಾರ. ಇಬ್ಬರಾದ್ರ ಇಬ್ಬರದೂ ಆಗ್ತೈತಿ."

"ಆಕಿ ಓದಿದ್ದು ಸಾಕ್ರಿ. ನಮ್ಮ ಖಾನದಾನದಾಗ ಅಷ್ಟೂ ಯಾರೂ ಓದಿಲ್ಲ."

"ಎಷ್ಟ ಓದ್ಯಾಳಂತ ನಾ ಕೇಳಿಲ್ಲ. ಕಳಸ್ತಿಯೋ ಇಲ್ಲೋ ಅಂತ ಕೇಳೇನಿ."

"ನಿಮ್ಮ ಮನ್ಯಾಗ ಇರೂದು, ನಿಮ್ಮದು ಉಣ್ಣೂದು... ಒಂದ ದಿನದ ಮಾತಲ್ರಿ ಇದು."

"ನಾವು ವರ್ಷಾ ಬಂದು ನಿನ್ನ ಉಸುಕಿನ್ಯಾಗ ಬಿದ್ದು ತಿಂತೇವಲ್ಲ?"

"ಅದು ಹೊಳೀದ್ರಿ."

"ಹೊಳಿ ಬಂದು ಗೊಬ್ಬರ ಹಾಕಿತ್ತೇನ? ಹೊಳಿ ಕೊಡ ಹೊತ್ತಿತ್ತೇನ? ಸುಳ್ಳ ಹೇಳಬ್ಯಾಡ. ನೀ ಬೆಳದಿ, ನಾವು ತಿಂದೇವಿ."

ಅಬ್ಬಾನ ಗುಣವನ್ನು ಇಲ್ಲಿ ಹೇಳಬೇಕು. ಕೈಬಿಚ್ಚಿ ಕೊಡುವ ಮನುಷ್ಯ, ಆದರೆ ಯಾರಿಂದಲೂ ಏನನ್ನೂ ತೆಗೆದುಕೊಳ್ಳುವವನಲ್ಲ. ಸಂತೆಗೆ ಹೋದರೆ ಬುತ್ತಿ ಕಟ್ಟಿಕೊಂಡೇ ಹೋಗುತ್ತಿದ್ದ. ಯಾರ ಮನೆಗೆ ಹೋದರೂ ನೀರು ಕುಡಿದು ಎದ್ದುಬಿಡುತ್ತಿದ್ದ. ತಾಟು ಮುಂದಿಟ್ಟರೆ ಅದರ ಮೇಲೆ ಅಂಗೈ ಅಡ್ಡ ಹಿಡಿದು "ಉಂಡು ಬಂದೇನ್ರಿ" ಅನ್ನುತ್ತಿದ್ದ, ಹಸಿದಿದ್ದರೂ. ಯಾರ ಹಂಗೂ ಬೇಡ ಎನ್ನುವುದೇ ಅವನ ಆಸ್ತಿ. ಈಗ ಆ ಆಸ್ತಿ ನನ್ನ ದಾರಿಗೆ ಅಡ್ಡ ಕೂತಿತ್ತು. ಅವನು ಕೊಡ ಎತ್ತಿಕೊಂಡು ಆಕಾಶ ನೋಡಿ ಹೇಳಿದ:

"ಹೊತ್ತು ಮುಳುಗಾಕ ಬಂತ್ರಿ. ಉಸುಕು ತಣ್ಣಗ ಆಗ್ತೈತಿ, ಏಳ್ರಿ ಅವ್ವಾರ. ನೋಡೋಣಂತ."

"ನೋಡೋಣ ಅನ್ನೂದು ಅಂಗಡಿ ಮಾತು. ನಮ್ಮವರ ಬಾಯಾಗ ದಿನಾ ಕೇಳ್ತೇನಿ. ನೀ ಹೂಂ ಅನ್ನೂತನ ನಾ ಏಳಾಂಗಿಲ್ಲ."

"ಅವ್ವಾರ, ಹಟ ಮಾಡಬ್ಯಾಡ್ರಿ. ಮೊಣಕಾಲು ಹಿಡೀತಾವು."

"ಹಿಡೀಲಿ. ಹಿಡಿದ್ರ ನಿನ್ನ ಹೆಸರ ಹೇಳ್ಕೋತ ಕುಂಟ್ತೇನಿ. ಸಿಂದಗಿ ಪ್ಯಾಟಿ ತುಂಬ ಹೇಳ್ತೇನಿ."

ಅಬ್ಬಾ ದಾದಿಮಾಳ ಕಡೆ ತಿರುಗಿದ.

"ಎಬ್ಬಸ ಬೇ ಇವರನ್ನ."

ದಾದಿಮಾ ಎಲೆಯಡಿಕೆಯ ಚೀಲ ಬಿಚ್ಚುತ್ತ ಅಲ್ಲೇ ಕೂತಳು. "ನನ್ನ ನಡು ಹಿಡದೈತಿ. ನೀನ ಎಬ್ಬಸು," ಎಂದಳು.

ಉಸುಕಿನ ಬಿಸಿ ಇಳಿಯುತ್ತಿತ್ತು. ಹೊಳೆಯ ಮೇಲಿನ ಗಾಳಿ ಆಗಲೇ ತಂಪಾಗಿತ್ತು. ಸುವರ್ಣಾ ನಗುವನ್ನು ತಡೆಯಲು ಬಾಯಿಗೆ ಸೌತೆ ತುರುಕಿಕೊಂಡಿದ್ದಳು. ನನಗೆ ನಗು ಬರಲಿಲ್ಲ. ನನ್ನ ಬದುಕನ್ನು ಇಷ್ಟು ಜನ ಕೂತು ಎಳೆದಾಡುತ್ತಿರುವಾಗ ನಾನು ಹೆಚ್ಚಿದ ಸೌತೆಯನ್ನೇ ಮತ್ತೆ ಮತ್ತೆ ಹೆಚ್ಚುತ್ತಿದ್ದೆ. ಆಗ ಜೋಪಡಿಯ ಬಾಗಿಲಲ್ಲಿ ಅವ್ವ ಕಾಣಿಸಿದಳು. ಬಂದವರ ಮುಂದೆ ಅಬ್ಬಾನಿಗೆ ಎದುರಾಡಿದವಳಲ್ಲ. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಹೇಳಿದಳು:

"ಆಕಿ ಪಾಲಿನ ನೀರು ನಾ ಹೊರತೇನಿ."

ಅಷ್ಟೇ ಹೇಳಿ ಒಳಗೆ ಹೋದಳು. ಅವಳ ಪಾಲಿನ ನೀರೇ ಅವಳ ನಡು ಮುರಿಯುವಷ್ಟಿತ್ತು. ದಾದಿಮಾ ಎಲೆಗೆ ಸುಣ್ಣ ಹಚ್ಚುತ್ತ, ತಲೆ ಎತ್ತದೆ ಮಾತಾಡಿದಳು:

"ಇಮಾಮ್ಯಾ, ನಿನಗ ಕೊಡಾಕ ಕಲಿಸಿದಾಕಿ ನಾನ. ತಗೊಳ್ಳಾಕ ಕಲಸೂದು ಮರತೆ. ಈಗ ಕಲಿ. ಇನ್ನೂ ವಯಸ್ಸೈತಿ ನಿನಗ."

ಅವನು ಕೊಡ ಇಳಿಸಿದ. ನನ್ನ ಕಡೆ ತಿರುಗಿದ.

"ಹೋಕ್ಕೀಯೇನ?"

"ಹೋಕ್ಕೇನಿ."

"ಅಂಜಿಕಿ ಬರಂಗಿಲ್ಲೇನ, ಮಂದಿ ಮನಿ ಅದು?"

"ಬರ್ತೈತಿ. ಹೋಕ್ಕೇನಿ."

ಅಬ್ಬಾ ಮೊಣಕಾಲೂರಿ ಕೂತು, ನೀಲಮ್ಮನವರ ಮುಂದಿನ ಉಸುಕನ್ನು ಎರಡೂ ಕೈಯಿಂದ ಬಾಚಿ ಬಾಚಿ ಪಕ್ಕಕ್ಕೆ ಹಾಕತೊಡಗಿದ.

"ಹೂಂ ಅಂದಿಲ್ಲ ನೀ ಇನ್ನ."

"ಉಸುಕು ತೆಗ್ಯಾಕತ್ತೇನಲ್ರಿ."

ಸೀರೆಯ ಅಂಚು ಕಂಡ ಕೂಡಲೇ ಅವನು ಕೈ ನಿಲ್ಲಿಸಿ ಹಿಂದೆ ಸರಿದ. ಉಳಿದ ಉಸುಕನ್ನು, ನಡು ಹಿಡಿದಿದೆ ಎಂದಿದ್ದ ದಾದಿಮಾ ಚುರುಕಾಗಿ ಬಗ್ಗಿ ತೆಗೆದಳು. ನೀಲಮ್ಮನವರು ಆ ರಾತ್ರಿ ನರಳಿದರೆಂದು ಸುವರ್ಣಾ ಆಮೇಲೆ ಹೇಳಿದಳು. ಮರುದಿನ ಮಾತ್ರ ಅವರು ಯಾರಿಗೂ ಕಾಣುವಂತೆ ಕುಂಟಲಿಲ್ಲ.

ಆ ಮನೆಯಲ್ಲಿದ್ದು ನಾನು ಮ್ಯಾಟ್ರಿಕ್ ಮುಗಿಸಿದೆ. ಅಲ್ಲಿಂದ ವಿಜಾಪುರಕ್ಕೆ ಹೋಗಿ ಬಿ.ಎ. ಮಾಡಿದೆ. ನಮ್ಮ ಖಾನದಾನದಲ್ಲಿ ಗಂಡು ಹೆಣ್ಣು ಸೇರಿ ಪದವಿ ಪಡೆದ ಮೊದಲಿಗಳು ನಾನು. ಇದನ್ನು ಮೆಲ್ಲಗೆ ಹೇಳುವ ಅಭ್ಯಾಸ ನನಗಿಲ್ಲ. ಸಿಂದಗಿಯ ಮನೆಯಲ್ಲಿ ಎಲ್ಲವೂ ಸಲೀಸಾಗಿತ್ತು ಅನ್ನಲಾರೆ. ಮೊದಮೊದಲು ನನ್ನ ತಾಟು ಬೇರೆ ಇರುತ್ತಿತ್ತು, ಪಡಸಾಲೆಯಲ್ಲಿ ಉಣ್ಣುತ್ತಿದ್ದೆ. ಬರಬರುತ್ತ ಅಡುಗೆ ಮನೆಯ ಹೊಸ್ತಿಲಿಗೆ ಬಂದೆ. ಒಂದು ದಿನ ಸುವರ್ಣಾಳಿಗೆ ಜ್ವರ ಬಂದಾಗ ನೀಲಮ್ಮನವರು "ಅಲ್ಲೇನ ನಿಂತಿ, ಒಳಗ ಬಂದು ಗಂಜಿ ತಿರುವು" ಎಂದರು, ನಾನು ಒಳಗೆ ಹೋದೆ. ಅದರ ಬಗ್ಗೆ ಆಮೇಲೆ ಯಾರೂ ಮಾತಾಡಲಿಲ್ಲ. ಬೇಸಿಗೆ ಬಂದರೆ ಎಲ್ಲರೂ ಗಾಡಿ ಹತ್ತಿ ಉಸುಕಿಗೆ ಬರುತ್ತಿದ್ದೆವು. ಅಲ್ಲಿ ನಾನು ಮತ್ತೆ ಮನೆಯವಳು, ಅವರು ಬೀಗರು. ಎರಡು ಮನೆಗಳು ನನ್ನನ್ನು ಸಾಕಿದವು, ಎರಡಕ್ಕೂ ನಾನು ಋಣಿ. ಹೇಗೆ ಓದಿದಿರಿ, ಆ ಕಾಲದಲ್ಲಿ, ಅಂಥ ಮನೆಯಿಂದ ಎಂದು ಯಾರಾದರೂ ಕೇಳಿದರೆ ಜಾಣತನದ ಮಾತು ಆಡುವುದಿಲ್ಲ. ಸಿಂದಗಿಯ ಮೊದಲ ದಿನದ ಊಟದ ಕತೆ ಹೇಳುತ್ತೇನೆ.

ಜೋಪಡಿ ಬಿಚ್ಚಿ ಊರ ಮನೆಗೆ ಬಂದಿದ್ದೆವು. ಮೊದಲ ಮಳೆ ಬಿದ್ದಿತ್ತು. ಅಬ್ಬಾ ನನ್ನನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದ. ಸಿಂದಗಿಯ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ನಡೆದೆವು. ನನ್ನ ಅರಿವೆಯ ಗಂಟನ್ನು ಅಬ್ಬಾನೇ ಹಿಡಿದಿದ್ದ. ನೀಲಮ್ಮನವರ ಪಡಸಾಲೆಯಲ್ಲಿ ತೊಗರಿಯ ಚೀಲಗಳ ಸಾಲು, ಅವುಗಳ ಮುಂದೆ ಚಾಪೆ. ಸಾವುಕಾರರು ಅಂಗಡಿಯಲ್ಲಿದ್ದರು. ನೀಲಮ್ಮನವರೇ ನಮ್ಮಿಬ್ಬರನ್ನೂ ಕೂಡಿಸಿ ಎರಡು ತಾಟು ತಂದಿಟ್ಟರು: ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಅಬ್ಬಾನ ಕೈ ಮೊಣಕಾಲ ಮೇಲೇ ಇತ್ತು. ನಾನು ಅವನ ಕೈಯನ್ನೇ ನೋಡುತ್ತಿದ್ದೆ. "ಉಂಡು ಬಂದೇನ್ರಿ" ಎಂದುಬಿಟ್ಟರೆ ಮುಗಿಯಿತು. ತಾನು ಉಣ್ಣದ ಮನೆಯಲ್ಲಿ ಮಗಳನ್ನು ಉಣ್ಣಲು ಬಿಟ್ಟುಹೋಗುವವನಲ್ಲ ಅವನು. ಗಂಟು ಎತ್ತಿಕೊಂಡು, ನಡಿ ಮನಿಗೆ, ಅನ್ನುತ್ತಾನೆ. ಆಚೆ ಬಾಗಿಲ ಸಂದಿಯಲ್ಲಿ ಸುವರ್ಣಾ ಇಣುಕುತ್ತಿದ್ದಳು.

ಅವನು ಬಿಸ್ಮಿಲ್ಲಾ ಎಂದು ರೊಟ್ಟಿ ಮುರಿದ. ಒಂದೊಂದೇ ತುತ್ತು, ನಿಧಾನವಾಗಿ, ಗಟ್ಟಿಯಾದ ಏನನ್ನೋ ಅಗಿಯುವವನ ಹಾಗೆ ಉಂಡ. ರೊಟ್ಟಿ ಮುಗಿಯಿತು. ತಾಟನ್ನು ಬೆರಳಿನಿಂದ ಬಳಿದು ಸ್ವಚ್ಛ ಮಾಡಿದ. ನೀಲಮ್ಮನವರು ಇನ್ನೊಂದು ರೊಟ್ಟಿ ಹಿಡಿದು ಬಂದರು. ಬಂದವರು ಹಾಕಲಿಲ್ಲ. ಅಡ್ಡ ಬರುವ ಅಂಗೈಯನ್ನು ಕಾಯುವವರಂತೆ ಅಷ್ಟು ದೂರದಲ್ಲೇ ನಿಂತರು. ಅಬ್ಬಾ ಎರಡೂ ಕೈಯಿಂದ ತಾಟನ್ನು ಎತ್ತಿ ಅವರ ಮುಂದೆ ಹಿಡಿದ.

"ಹಾಕ್ರಿ ಅವ್ವಾರ," ಎಂದ. "ಚಟ್ನೀನೂ ಇನ್ನೊಂದೀಟು ಹಾಕ್ರಿ. ಭಾಳ ಚೊಲೊ ಆಗೈತಿ."

ನೀಲಮ್ಮನವರು ರೊಟ್ಟಿ ಹಾಕಿದರು. ಚಟ್ನಿ ತರಲು ಒಳಗೆ ಹೋದರು. ಹೋದವರು ಹೊರಗೆ ಬರಲು ಸ್ವಲ್ಪ ಹೊತ್ತು ಹಿಡಿಯಿತು.